ದೇವರಮನೆಯ ಅಸ್ತರ

ನಿಂಗಪ್ಪ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮೇಲೆ. ಮನೆಯವರು ಬರ್ರಿ ಕುಂಡ್ರಿ ಅನ್ನುತ್ತಿರುವಾಗಲೇ ಅವನ ಗದ್ದ ತಾನಾಗಿ ಏರಿ, ಕಣ್ಣು ಛತ್ತಿನ ಮೂಲೆ ಮೂಲೆಗೂ ಹೋಗಿ, ಎಲ್ಲಿ ಬಣ್ಣ ಉಬ್ಬಿದೆ, ಎಲ್ಲಿ ಹೊಪ್ಪಳಿಕೆ ಎದ್ದಿದೆ, ಯಾವ ಪೇಂಟರು ಅವಸರ ಮಾಡಿದ್ದಾನೆ ಎಂಬುದನ್ನೆಲ್ಲ ವಿಚಾರಿಸಿಕೊಂಡು, ಆಮೇಲೆ ಮನೆಯವರ ಮುಖಕ್ಕೆ ಇಳಿಯುತ್ತಿತ್ತು. ಮಗಳ ಮದುವೆಯ ಮಾತಿಗೆಂದು ಮುಂಡರಗಿಗೆ ಹೋದಾಗಲೂ ಹೀಗೇ ಮಾಡಿದ್ದರಿಂದ ವರನ ಅಪ್ಪ ಎರಡು ಸಲ ನಮಸ್ಕಾರ ಮಾಡಬೇಕಾಯಿತು. ಅದನ್ನು ಹೆಂಡತಿ ಬನಶಂಕರೆವ್ವ ಇವತ್ತಿಗೂ ಮಗ್ಗದಲ್ಲಿ ಕೂತು ಓಣಿಯ ಹೆಂಗಸರಿಗೆಲ್ಲ ಹೇಳಿ ನಗಿಸುತ್ತಾಳೆ. ಅಂಥ ಮನುಷ್ಯ ಕಳೆದ ಎರಡು ವರ್ಷಗಳಿಂದ ಒಂದೇ ಒಂದು ಛತ್ತನ್ನು ನೋಡಲು ಹೆದರಿ, ಆ ಓಣಿಯನ್ನೇ ತಪ್ಪಿಸಿ ತಿರುಗಾಡುತ್ತಿದ್ದ. ನಿನ್ನೆ ಸಂಜೆ ಬೆಟಗೇರಿ ಪೇಟೆಯಲ್ಲಿ ಆ ಮನೆಯ ಮಾರ್ತಾಂಡ ಮಾಸ್ತರರು ಸೈಕಲ್ಲಿನಿಂದ ಇಳಿದು, "ನಿಂಗಪ್ಪಾ, ಅವ್ವ ಕರದಾಳ. ನಾಳೆ ಮುಂಜಾನೆ ಬಂದು ಹೋಗು" ಎಂದಷ್ಟೇ ಹೇಳಿ ಮತ್ತೆ ಸೈಕಲ್ ಹತ್ತಿದ್ದರು. ಮಾಸ್ತರರ ಮುಖ ಎಂದಿನಂತೆಯೇ ಇತ್ತು. ಸಿಟ್ಟಿನಲ್ಲಿದ್ದಿದ್ದರೆ ಇವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂಜಾನೆ ರೊಟ್ಟಿಯ ಎರಡನೇ ತುತ್ತಿಗೇ ಕೈ ತೊಳೆದ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ ಬನಶಂಕರೆವ್ವ ಲಾಳಿ ನಿಲ್ಲಿಸಿ, "ಯಾಕ, ಮಾಸ್ತರ ಮನೀ ಬಾಯಾರು ಏನು ಹುಲಿ ಏನು? ನಿನಗ ಧೋತರ ಕೊಟ್ಟವರು. ದೇವರಮನಿ ಕೆಲಸ ಅಂದ್ರ ನಿಂಗಪ್ಪ, ಅಂತ ಗದಗ ತುಂಬ ಹೇಳಿಕೊಂಡು ಬಂದವರು. ನೀನರೆ ಕಳ್ಳನಂಗ ಯಾಕ ಕುಂತಿ?" ಎಂದಳು. ಆಕೆ ತಮಾಷೆಗೆ ಅಂದದ್ದು. ಆ ಕಳ್ಳ ಎಂಬ ಮಾತು ಮಾತ್ರ ಅವನ ಹೆಗಲೇರಿ ಗದಗಿನ ಹಾದಿಯುದ್ದಕ್ಕೂ ಬಂತು. ಬ್ರಷ್ಷು, ಕೆರೆಯುವ ಪಟ್ಟಿ ಇದ್ದ ಚೀಲ ಹಿಡಿದು ಅವನು ರಸ್ತೆಯ ಒಂದು ಬದಿಗೆ ನಡೆಯುತ್ತಿದ್ದ. ಆಷಾಢದ ಗಾಳಿ ಧೋತರದೊಳಗೆ ಹೊಕ್ಕು ಅವನನ್ನು ಹಿಂದಕ್ಕೆ ದಬ್ಬುತ್ತಿತ್ತು. ದಬ್ಬಿದರೆ ದಬ್ಬಲಿ, ಇಲ್ಲಿಂದಲೇ ತಿರುಗಿ ಹೋಗಿ ಜ್ವರ ಬಂದಿತ್ತೆಂದು ಹೇಳಿದರಾಯಿತು ಅನ್ನಿಸಿತು. ಐವತ್ತು ದಾಟಿದ ಗಂಡಸಿಗೆ ಶಾಲೆ ತಪ್ಪಿಸುವ ಹುಡುಗನ ಯೋಚನೆ! ತನ್ನ ಮೇಲೆ ತನಗೇ ಹೇಸಿಕೆಯಾಗಿ ಕಾಲು ಬಿರುಸಾಗಿ ಹಾಕಿದ.

ಮಗ್ಗ ಬಿಟ್ಟು ಬ್ರಷ್ಷು ಹಿಡಿದಾಗ ಅವನಿಗೆ ಮೂವತ್ತೈದು ದಾಟಿತ್ತು. ಕಲಿಸಿದವನು ಕರೀಮಸಾಬ. ಬಾಯಿ ಹರುಕ, ಕೈ ಮಾತ್ರ ಬಂಗಾರ. ಜಂತಿ ಹಾಕಿದ ಮಣ್ಣಿನ ಮಾಳಿಗೆಗಳು ಹೋಗಿ ಒಂದೊಂದಾಗಿ ಸ್ಲ್ಯಾಬಿನ ಮನೆಗಳು ಏಳುತ್ತಿದ್ದ ಕಾಲ ಅದು. ಸಿಮೆಂಟು ಮೆತ್ತಿ ಗಿಲಾವು ಮಾಡಿದ ಆ ಬೋಳು ಛತ್ತಿನ ಕೆಳಗೆ ಅವನನ್ನು ನಿಲ್ಲಿಸಿಕೊಂಡು ಕರೀಮಸಾಬ ಹೇಳಿದ್ದ: "ಲೇ ನಿಂಗ್ಯಾ, ಹೊಸಾ ಗಿಲಾವಿಗೆ ನೀರಡಿಕಿ ಭಾಳ. ಮೊದಲು ಅದರ ನೀರಡಿಕಿ ಕಳಿ, ಆಮ್ಯಾಲ ಬಣ್ಣ ಹಚ್ಚು. ಇಲ್ಲಾಂದ್ರ ಬಣ್ಣದಾಗಿನ ನೀರೆಲ್ಲಾ ಅದು ಕುಡೀತೈತಿ, ಪುಡಿ ಕೆಳಗ ಉದರತೈತಿ. ಗ್ವಾಡಿ ಆದ್ರ ಮೂಲಿಗೆ ಬೀಳತೈತಿ. ಛತ್ತು ಆದ್ರ ಮಂದಿ ಉಣ್ಣೋ ಗಂಗಾಳಕ್ಕ ಬೀಳತೈತಿ. ಅಸ್ತರ ಯಾರಿಗೂ ಕಾಣಂಗಿಲ್ಲ ಲೇ. ಕಾಣಂಗಿಲ್ಲಂತನ ಅದನ್ನ ಇಮಾನಲೆ ಹಚ್ಚಬೇಕು." ನೇಕಾರನ ಮಗನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಗಂಜಿ ಕುಡಿಯದ ನೂಲು ಮಗ್ಗದ ಮೇಲೆ ನಿಲ್ಲುವುದಿಲ್ಲ ಎಂಬುದು ಅವನು ನಡೆಯಲು ಕಲಿಯುವ ಮೊದಲೇ ಕಲಿತದ್ದು. ಬಣ್ಣದ ಕೆಳಗೆ ಬಳಿಯುವ ಆ ಅಸ್ತರಕ್ಕೆ ಕರೀಮಸಾಬ ಸರೇಸು ಹಾಕುತ್ತಿದ್ದ. ಬೆಲ್ಲದ ಅಚ್ಚಿನಂತೆ ಹೊಳೆಯುವ ಕಂದು ತುಂಡುಗಳನ್ನು ರಾತ್ರಿಯೆಲ್ಲ ನೆನೆಹಾಕಿ, ಕುದಿಸಿ, ಬಿಳಿಪುಡಿ ಕಲಸಿ, ಬಿಸಿ ಇರುವಾಗಲೇ ಬಳಿಯಬೇಕು. ಒಮ್ಮೆ ಹಿಡಿಯಿತೆಂದರೆ ಹಿಡಿಯಿತು, ಅದರ ಮೇಲೆ ಡಿಸ್ಟೆಂಪರು ಮಿಸುಕದೆ ಕೂರುತ್ತಿತ್ತು. ಆ ಸರೇಸನ್ನೇ ನೋಡಿ ಮಾಸ್ತರರ ಅವ್ವ ಕೇಳಿದ್ದು.

ಎರಡು ವರ್ಷದ ಹಿಂದಿನ ಮಾಘ ಮಾಸ. ಮಾರ್ತಾಂಡ ಮಾಸ್ತರರ ಹೊಸ ಮನೆಯ ವಾಸ್ತುಶಾಂತಿಗೆ ಆರು ದಿನ ಉಳಿದಿತ್ತು. ಲಕ್ಷ್ಮೇಶ್ವರದ ಹಳೇ ಮನೆಯಿಂದ ಮಾಸ್ತರರ ತಾಯಿ ಯಮುನಾಬಾಯಿ ಮನೆ ನೋಡಲು ಬಂದಿದ್ದರು. ಗಂಡ ಇದ್ದಷ್ಟು ಕಾಲ ಅಲ್ಲಿನ ವಿಠ್ಠಲನ ಗುಡಿಯ ಪೂಜೆ ಅವರ ಮನೆಯದು, ನೈವೇದ್ಯದ ಮಡಿ ಅಡುಗೆ ಇವರದು. ಎಪ್ಪತ್ತರ ಹತ್ತಿರದ, ಒಣಕಲು ಮೈಯ, ಮಾತಿಗೆ ಸೋಲದ ಹೆಂಗಸು. ಕೋಣೆ ಕೋಣೆಯನ್ನೂ ಇಣುಕಿ, "ಮ್ಯಾಲ ಒಂದು ಜಂತಿ ಇಲ್ಲ ಏನಿಲ್ಲ, ಮಲಗಿದಾಗ ಏನು ಎಣಿಸಬೇಕಪಾ?" ಎಂದು ನಕ್ಕು, ಹಿತ್ತಲಲ್ಲಿ ನೆನೆಹಾಕಿದ ಬಕೀಟಿನ ಮುಂದೆ ಬಂದು ನಿಂತು, "ಇದೇನು, ಬೆಲ್ಲ ಏನು?" ಎಂದು ಕೇಳಿದ್ದರು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ದನದ ತೊಗಲು, ಎಲುಬು ಕುದಿಸಿ ಮಾಡುತ್ತಾರೆ ಎಂದ. ಆಕೆಯ ಮುಖ ಸಣ್ಣದಾಯಿತು. ಸಿಟ್ಟೇನೂ ಬರಲಿಲ್ಲ. "ನೋಡು ನಿಂಗಪ್ಪಾ, ಪಡಸಾಲ್ಯಾಗ ಹಚ್ಚು, ಮಲಗೋ ಕೋಲ್ಯಾಗ ಹಚ್ಚು. ನಾ ತಿಳೀಲಾರದಾಕಿ ಹಂಗ ಓಡ್ಯಾಡ್ತೀನಿ. ನನ್ನ ವಿಠ್ಠಲನ ತಲೀ ಮ್ಯಾಲ ಮಾತ್ರ ಬ್ಯಾಡಪಾ" ಎಂದರು. ಅಷ್ಟು ಮೆತ್ತಗೆ ಅವನನ್ನು ಯಾರೂ ಏನನ್ನೂ ಬೇಡಿರಲಿಲ್ಲ. ಅವನ ಎದೆ ಉಬ್ಬಿತು. ನೇಕಾರಿಕೆಯ ಜಂಬ ಗಂಟಲಿಗೆ ಬಂತು. "ಅದಕ್ಯಾಕ ಚಿಂತಿ ಮಾಡ್ತೀರಿ ಬಾಯಾರ? ನಾವು ಗಂಜೀ ಮಂದಿ. ದೇವರಮನಿಗೆ ಗೋದಿ ಹಿಟ್ಟಿನ ಗಂಜಿ ಮಾಡಿ ಅದರದ ಅಸ್ತರ ಹಾಕ್ತೀನಿ. ಸರೇಸಿಗಿಂತ ಚೊಲೋ ಕುಂಡ್ರತೈತಿ" ಎಂದುಬಿಟ್ಟ. "ಖರೇನ?" "ಖರೇರಿ." "ಮಾತು ಕೊಡ್ತಿ?" "ಕೊಟ್ಟೇನ್ರಿ."

ಕರೀಮಸಾಬ ಇದ್ದಿದ್ದರೆ ಅಲ್ಲೇ ತಲೆಗೆ ಮೊಟಕುತ್ತಿದ್ದ. ನೂಲು ಒಣಗಿರುತ್ತದೆ. ಹೊಸ ಛತ್ತು ಒಳಗೊಳಗೇ ಇನ್ನೂ ಹಸಿ. ನಿಂಗಪ್ಪ ಮನೆಯ ಗಡಿಗೆಯಲ್ಲೇ ಗಂಜಿ ಮಾಡಿ ತಂದು ಹಚ್ಚಿದ. ಮೂರನೆಯ ದಿನ ಅಂಗೈ ಒತ್ತಿ ನೋಡಿದರೆ ಅಂಗೈ ಬೆಳ್ಳಗಾಗಿ ಬಂತು. ಹಳಸಿದ ಅನ್ನದ ವಾಸನೆ ಬಂತು. ಮೂಲೆಯಲ್ಲಿ ಬೂದುಬಣ್ಣದ ಬೂಷ್ಟು. ವಾಸ್ತುಶಾಂತಿಗೆ ಎರಡೇ ದಿನ. ಮನೆಯವರೆಲ್ಲ ದೇವರನ್ನು ತರಲು ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಆ ಮಧ್ಯಾಹ್ನ ಖಾಲಿ ಮನೆಯಲ್ಲಿ ಒಬ್ಬನೇ ನಿಚ್ಚಣಿಕೆಯ ಮೇಲೆ ನಿಂತು, ಹೇಳಬೇಕೋ ಬಿಡಬೇಕೋ ಎಂದು ಯೋಚಿಸಿದನೇ? ಯೋಚಿಸಲಿಲ್ಲ. ಅದೇ ಅವನನ್ನು ಈಗಲೂ ಕುಟುಕುವುದು. ಯೋಚನೆಗೆ ಎಡೆಯನ್ನೇ ಕೊಡದೆ ಗಂಜಿ ತೊಳೆದು, ಸರೇಸು ಕಾಯಿಸಿ, ಆಚೆ ಈಚೆ ನೋಡದೆ ಬಳಿದುಬಿಟ್ಟ. ಮಡಿ ಮುದುಕಿ, ಹೇಳಿದರೆ ಅತ್ತು ಕರೆದು ಮನೆಯನ್ನೇ ಬೇಡ ಅಂದಾಳು, ಗೊತ್ತಾಗದಿದ್ದರೆ ಯಾರಿಗೇನು ಎಂಬ ಒಂದು ಸಾಲು ಮಾತ್ರ ತಲೆಯಲ್ಲಿ ಆಡುತ್ತಿತ್ತು. ವಾಸ್ತುಶಾಂತಿಯ ದಿನ ಆಕೆ ನೆಂಟರೆಲ್ಲರ ಮುಂದೆ ಅವನನ್ನು ಕರೆದು, "ನನ್ನ ದೇವರ ಮರ್ಯಾದಿ ಕಾದಾಂವ" ಎಂದು ಹೇಳಿ ಧೋತರ ಕೊಡಿಸಿದರು. ಹಿತ್ತಲಿನ ಗೂಡಿನಲ್ಲಿ ಅವನಿಗೆಂದೇ ಬೇರೆ ಇಟ್ಟಿದ್ದ ಲೋಟಕ್ಕೆ, ಮೇಲಿನಿಂದ, ತಾಗದ ಹಾಗೆ ಪಾಯಸ ಹೊಯ್ದವರೂ ಆಕೆಯೇ. ಹೊಯ್ಯುತ್ತ, "ಇನ್ನಷ್ಟು ತಗೋ, ನೀ ಸಿಹಿ ತಿನ್ನಾಂವ" ಎಂದು ಗೋಡಂಬಿ ಹುಡುಕಿ ಹುಡುಕಿ ಹಾಕಿದ್ದರು. ಅದು ಅವಮಾನವೋ ಅಕ್ಕರೆಯೋ ಬಿಡಿಸಿ ನೋಡುವಷ್ಟು ಪುರುಸೊತ್ತು ಅವನ ಮನಸ್ಸಿಗೆ ಅವತ್ತು ಇರಲಿಲ್ಲ. ಪಾಯಸ ಅರ್ಧಕ್ಕೇ ಬಿಟ್ಟು ಎದ್ದ. ಆಕೆ ಕೊಟ್ಟ ಧೋತರವನ್ನು ಇಂದಿನವರೆಗೂ ಉಟ್ಟಿಲ್ಲ.

ಓಣಿಯ ತಿರುವಿನಲ್ಲಿ ತಾರಾಬಾಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಯಮುನಾಬಾಯಿಯ ಮನೆಗೆ ಎರಡು ಮನೆ ಆಚೆ ಅವರದೂ ಹೊಸ ಮನೆ. ಇಬ್ಬರೂ ಸೊರಟೂರಿನಲ್ಲಿ ಕೂಡಿ ಬೆಳೆದ ಗೆಳತಿಯರು. ನಿಂಗಪ್ಪ ತಲೆ ತಗ್ಗಿಸಿ ದಾಟಬೇಕೆನ್ನುವಷ್ಟರಲ್ಲಿ, "ಬಂದ್ರೇನು ಗಂಜೀ ಪೇಂಟರು?" ಎಂದರು. ಮೊರ ಅಲುಗುವುದು ನಿಂತಿತು. "ನಿಮ್ಮ ಬಾಯಾರ ಮಾತು ಕಟ್ಟಿಕೊಂಡು ನಮ್ಮ ದೇವರಮನೀಗೂ ಗಂಜೀನ ಹಚ್ಚಿಸಿದ್ವಿ. ಆ ಪೇಂಟರ್ ಮಾಶಾಕ ಬ್ಯಾಡ್ರಿ, ನಿಲ್ಲಂಗಿಲ್ರಿ ಅಂತ ಬಡಕೊಂಡ. ನಾವ ಕೇಳಲಿಲ್ಲ. ಹ್ವಾದ ಪಂಚಮಿಗೆ ದೇವರ ಮುಂದಿನ ಹಾಲಿನ ಬಟ್ಟಲಾಗ ಇಷ್ಟಗಲ ಹೊಪ್ಪಳಿಕಿ ಬಿತ್ತು. ಇದೇನ ಯಮುನಾ ಅಂತ ಕೇಳಿದ್ರ ನಿಮ್ಮ ಬಾಯಾರು ಏನಂದ್ರು ಗೊತ್ತದೇನು? ಗಂಜೀದು ತಪ್ಪಲ್ಲ, ಹಚ್ಚಿದ ಕೈದು ತಪ್ಪು, ನಿಂಗಪ್ಪನ್ನ ಕರೀಬೇಕಾಗಿತ್ತು ಅಂದ್ರು. ಮಾತಿಗೆ ಮಾತು ಬೆಳೀತು. ಅವತ್ತಿನಿಂದ ನಾ ಅವರ ಮನೀ ಹೊಸ್ತಿಲಾ ತುಳದಿಲ್ಲ. ಮಾಶಾಕಗಂತೂ ಈ ಓಣ್ಯಾಗ ಯಾರೂ ಕೆಲಸ ಹೇಳವಲ್ಲರು." ಒಂದೇ ಉಸಿರಿಗೆ ಇಷ್ಟನ್ನೂ ಹೇಳಿ, ತಾರಾಬಾಯಿ ಮತ್ತೆ ಮೊರ ಕೇರತೊಡಗಿದರು. ನಿಂಗಪ್ಪ ನಿಂತಲ್ಲೇ ನಿಂತ. ಇಷ್ಟು ದಿನ ಆ ಸುಳ್ಳು ತನ್ನ ಮನೆಯ ಬಾಗಿಲು ದಾಟಿಲ್ಲ, ತನ್ನೊಬ್ಬನನ್ನೇ ತಿನ್ನುತ್ತದೆ ಎಂದುಕೊಂಡಿದ್ದ. ಅದು ಓಣಿ ಓಣಿ ತಿರುಗಿ ಇಬ್ಬರು ಮುದುಕಿಯರ ಮಾತು ಬಿಡಿಸಿ, ಕೈಯಲ್ಲಿ ಯಾವ ತಪ್ಪೂ ಇಲ್ಲದ ಮಾಶಾಕನ ಹೆಸರು ಕೆಡಿಸಿ ಕೂತಿತ್ತು. ಮಾಶಾಕ ಪೇಟೆಯಲ್ಲಿ ಸಿಕ್ಕಾಗಲೆಲ್ಲ, "ಗಂಜಿ ಹೆಂಗ ನಿಲ್ಲಸ್ತೀಯಪಾ, ನಮಗೂ ಕಲಿಸು" ಎನ್ನುತ್ತಿದ್ದ. ನಿಂಗಪ್ಪ ನಕ್ಕು ಬೀಡಿ ಕೊಟ್ಟು ಮಾತು ಹಾರಿಸುತ್ತಿದ್ದ.

"ಬಾರಪಾ ಬಾ. ಬೆಟಗೇರಿಯಿಂದ ಗದಗ ಅಷ್ಟು ದೂರ ಆತೇನು? ಎರಡು ವರ್ಷ ಈ ಕಡೆ ಹಾಯಲಿಲ್ಲ." ಯಮುನಾಬಾಯಿ ಬಾಗಿಲಲ್ಲೇ ನಿಂತಿದ್ದರು. ಇನ್ನೂ ಸೊರಗಿದ್ದರು. ಮಾಸ್ತರರು ಶಾಲೆಗೆ ಹೋಗಿದ್ದರು, ಸೊಸೆ ಅಡುಗೆಮನೆಯಲ್ಲಿದ್ದಳು. ಪಡಸಾಲೆ ದಾಟಿ ದೇವರಮನೆಯ ಮುಂದೆ ಬಂದಾಗ ಅವನು ಕಣ್ಣು ನೆಲದಲ್ಲೇ ನೆಟ್ಟಿದ್ದ. "ಅಲ್ಲೇನು ನೋಡ್ತಿ? ಮ್ಯಾಲ ನೋಡು" ಎಂದರು. ನೋಡಿದ. ಎಳೆ ನೀಲಿ ಛತ್ತು ಎಲ್ಲಿಯೂ ಬಿರಿಯದೆ, ಎಲ್ಲಿಯೂ ಉಬ್ಬದೆ, ನಿನ್ನೆ ಹಚ್ಚಿದಂತೆ ನಿಂತಿತ್ತು. ದೀಪದ ನೇರಕ್ಕೆ ಮಾತ್ರ ಗಂಗಾಳದಷ್ಟು ಅಗಲ ಮಸಿ ಹಿಡಿದಿತ್ತು. "ಒಂದು ಚೂರು ಉದುರಿಲ್ಲ. ದಿನಾ ಜಪಕ್ಕ ಕೂತಾಗ ಒಮ್ಮೆ ಮ್ಯಾಲ ನೋಡ್ತೀನಿ, ನಿನ್ನ ನೆನಸ್ತೀನಿ. ಮಸಿ ಒಂದು ಹತ್ತೇದ. ಏಕಾದಶಿ ಬಂತು, ಅದರೊಳಗ ಮತ್ತೊಮ್ಮೆ ಹಚ್ಚಿಬಿಡು." ನಿಂಗಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟೇ ತಾನೇ? ಮಸಿ ತೊಳೆದು, ಹಳೇ ಅಸ್ತರದ ಮೇಲೆಯೇ ಒಂದು ಕೈ ಡಿಸ್ಟೆಂಪರು ಎಳೆದರೆ ಮುಗಿಯಿತು. ಅಷ್ಟರಲ್ಲಿ ಆಕೆ ಒಳಗೆ ಹೋಗಿ, ಬಾಳೆಎಲೆ ಮುಚ್ಚಿದ ಹಿತ್ತಾಳೆಯ ಪಾತೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹೊಸ್ತಿಲ ಹತ್ತಿರ ಇಟ್ಟರು. ಎಲೆ ತೆಗೆದರು. ಗೋದಿ ಗಂಜಿ, ಗಂಟಿಲ್ಲದೆ, ಹೊಳೆಯುತ್ತಿತ್ತು. "ಈ ಸಲ ಗಂಜಿ ನಾನ ಮಾಡೀನಿ, ಮಡೀಲೆ. ಮೊದಲಿಂದೆಲ್ಲಾ ಕೆರದು ತಗದು ಇದನ್ನ ಹಚ್ಚು. ನನ್ನ ವಿಠ್ಠಲಗ ನನ್ನ ಕೈದೂ ಒಂದಿಷ್ಟು ಸೇವಾ ಆಗಲಿ. ತಾರೀಗೂ ಹೇಳಿ ಕಳಿಸೀನಿ, ಬಂದು ನೋಡು, ನಿಂಗಪ್ಪ ಗಂಜಿ ಹೆಂಗ ಹಚ್ತಾನ ಅಂತ. ಬರ್ತಾಳೋ ಬಿಡ್ತಾಳೋ. ಬಂದ್ರ ಮಾತರೆ ಶುರು ಆಗ್ತಾವ." ಕಡೆಯ ಮಾತು ಹೇಳುವಾಗ ಧ್ವನಿ ಸಣ್ಣಗಾಯಿತು. ಗಂಜಿ ಒಂದು ನೆಪ, ಆಕೆಗೆ ಗೆಳತಿ ಬೇಕಾಗಿದ್ದಾಳೆ ಎಂದು ಅವನಿಗೆ ಹೊಳೆಯಿತು. ಹೊಳೆದು ಇನ್ನಷ್ಟು ಸಂಕಟವಾಯಿತು.

ನಿಚ್ಚಣಿಕೆ ಹತ್ತಿದ. ಕೆರೆಯುವ ಮೊದಲು ಹದ ನೋಡುವ ನೆಪದಲ್ಲಿ ಮಡಿಯ ಗಂಜಿಯಲ್ಲಿ ಹೊಸ ಬ್ರಷ್ಷು ಅದ್ದಿ ಮೇಲೆತ್ತಿದ. ಛತ್ತಿಗೂ ಬ್ರಷ್ಷಿಗೂ ನಾಲ್ಕು ಬೆರಳು ಅಂತರ. ಕೆಳಗೆ ಆಕೆ ತಲೆ ಎತ್ತಿ ನಿಂತಿದ್ದರು, ಮಗಳ ಹಾಡು ಶುರುವಾಗುವುದನ್ನು ಕಾಯುವ ತಾಯಿಯ ಹಾಗೆ ಬಾಯಿ ಸ್ವಲ್ಪ ತೆರೆದು. ಹಚ್ಚಬಹುದು. ಆಕೆ ಅತ್ತ ಹೋದಾಗ ತೊಳೆದು ಮತ್ತೆ ಸರೇಸು ಎಳೆಯಬಹುದು. ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡಲು ಕೈಗೆ ದಾರಿ ಗೊತ್ತಿತ್ತು. ಅದು ಎಷ್ಟು ಸಲೀಸಾಗಿ ಗೊತ್ತಿತ್ತೆಂದರೆ ಅವನಿಗೆ ತನ್ನ ಕೈಯ ಭಯವೇ ಆಯಿತು. ಬ್ರಷ್ಷಿನಿಂದ ಒಂದು ಹನಿ ಗಂಜಿ ಮಣಿಕಟ್ಟಿಗೆ ಇಳಿದು, ಮೊಳಕೈಯವರೆಗೂ ಹರಿಯಿತು. "ಯಾಕ, ತೆಳ್ಳಗ ಆಗೇದೇನು?" ಎಂದು ಕೆಳಗಿನಿಂದ ಕೇಳಿದರು. "ಇಲ್ರಿ. ಹದ ಚೊಲೋ ಐತ್ರಿ." "ಮತ್ತ?" ನಿಂಗಪ್ಪ ಇಳಿದ. ಬ್ರಷ್ಷನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ.

"ಬಾಯಾರ, ಮ್ಯಾಲ ಗಂಜಿ ಇಲ್ರಿ. ಸರೇಸು ಐತ್ರಿ. ಗಂಜಿ ಹಾಕಿದ್ದೆ, ನಿಲ್ಲಲಿಲ್ಲ. ನೀವೆಲ್ಲಾರೂ ಲಕ್ಷ್ಮೇಶ್ವರಕ್ಕ ಹೋಗಿದ್ರಿ. ಅವಾಗ ತೊಳದು ಸರೇಸ ಹಾಕಿದೆ. ನಿಮಗ ಮಾತು ಕೊಟ್ಟಿದ್ದೆ, ತಪ್ಪಿದೆ."

ಯಮುನಾಬಾಯಿ ಮೊದಲು ಛತ್ತು ನೋಡಿದರು, ಆಮೇಲೆ ಮಂಟಪದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ವಿಠ್ಠಲನನ್ನು. ಅವರ ಕೈ ಸೆರಗಿನ ಅಂಚನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ಹೊಸ್ತಿಲ ಹತ್ತಿರ ಗೋಡೆ ಹಿಡಿದು ಮೆಲ್ಲಗೆ ಕೂತರು. ಅಳುತ್ತಾರೆ, ಬಯ್ಯುತ್ತಾರೆ, ಹೊರಗೆ ನಡೆ ಅನ್ನುತ್ತಾರೆ ಎಂದು ಒಂದೊಂದಕ್ಕೂ ನಿಂಗಪ್ಪ ಬೆನ್ನು ಗಟ್ಟಿ ಮಾಡಿಕೊಂಡಿದ್ದ.

"ಎರಡು ವರ್ಷ" ಎಂದರು ಆಕೆ.

"ಹೌದ್ರಿ."

"ಬ್ಯಾರೆ ದಾರೀನ ಇದ್ದಿಲ್ಲೇನು?"

ಇದಕ್ಕೂ ಸುಳ್ಳು ಹೇಳಬಹುದಿತ್ತು. "ಇತ್ರಿ. ಅಗಸಿ ಎಣ್ಣಿ ಕುದಿಸಿ ಅದರಾಗ ಬಿಳಿ ಸಫೇದು ಪುಡಿ ಕಲಸಿ ಅಸ್ತರ ಹಾಕಬಹುದ್ರಿ. ಆದ್ರ ಛತ್ತು ಹಸೀದಿತ್ತು. ಹಸೀ ಗಿಲಾವಿನಾಗಿನ ಸುಣ್ಣ ಎಣ್ಣೀನ ತಿಂದು ಹಾಕತೈತ್ರಿ. ಒಂದು ವರ್ಷ ಒಣಗಾಕ ಬಿಡಬೇಕಾಗಿತ್ತು."

"ಮತ್ತ ಅದನ್ನ ಯಾಕ ಹೇಳಲಿಲ್ಲ?"

"ವಾಸ್ತುಶಾಂತಿ ಮುಂದ ಬಂದಿತ್ರಿ. ನೀವು ಕೇಳ್ತಿದ್ದಿಲ್ಲ."

"ನೀ ಹೇಳಿ, ನಾ ಕೇಳಲಿಲ್ಲೇನು?"

ನಿಂಗಪ್ಪ ಕೈಯಲ್ಲಿದ್ದ ಬ್ರಷ್ಷನ್ನು ಚೀಲದ ಮೇಲೆ ಇಟ್ಟ.

"ವರ್ಷಗಟ್ಲೆ ಬರೇ ಸಿಮೆಂಟಿನ ಕೆಳಗ ಇಡ್ತಿದ್ದೆ ನನ್ನ ವಿಠ್ಠಲನ್ನ" ಎಂದರು ಯಮುನಾಬಾಯಿ. ಧ್ವನಿಯಲ್ಲಿದ್ದದ್ದು ಸಿಟ್ಟಲ್ಲ, ನೋವು. "ಲಕ್ಷ್ಮೇಶ್ವರದಾಗ ಮಾಳಿಗಿ ಸೋರ್ತಿತ್ತು. ಆ ಮಣ್ಣನೀರಿನ ಕೆಳಗ ಅವಗ ಕೊಡಿ ಹಿಡಕೊಂಡು ಕೂತಾಕಿ ನಾನು. ಬಣ್ಣ ಇಲ್ಲಾಂದ್ರ ದೇವರು ಎದ್ದು ಹೋಗ್ತಾನ ಅಂತ ನಾ ಯಾವಾಗ ಅಂದೆ? ಸರೇಸು ಹಾಕಿದಿ, ಹೋಗಲಿ. ಈ ಮುದುಕಿಗೆ ಹೇಳಿದ್ರ ತಿಳ್ಯಾಂಗಿಲ್ಲ ಅಂತ ನೀನ ಕೂತು ಠರಾಯಿಸಿಬಿಟ್ಟೆಲ್ಲಪಾ. ನಿನ್ನ ಕಣ್ಣಾಗ ಇಷ್ಟೇ ಏನು ನಾನು?"

ಎರಡು ವರ್ಷಗಳಿಂದ ಎಷ್ಟೋ ಬೈಗುಳ ಕಲ್ಪಿಸಿಕೊಂಡಿದ್ದ. ಇದೊಂದನ್ನು ಕಲ್ಪಿಸಿಕೊಂಡಿರಲಿಲ್ಲ. ಆಕೆಯ ಮನಸ್ಸು ನೋಯಬಾರದೆಂದು ಮುಚ್ಚಿಟ್ಟೆ ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದನಲ್ಲ, ಹಾಗೇನೂ ಅಲ್ಲ. ಆಕೆಯನ್ನು ಒಂದು ಮಡಿ ಸೀರೆ ಎಂದಷ್ಟೇ ತಿಳಿದಿದ್ದ. ಅದರೊಳಗೆ ಸೋರುವ ಮಾಳಿಗೆಯ ಕೆಳಗೆ ಕೊಡೆ ಹಿಡಿದು ಕೂತ ಹೆಂಗಸೊಬ್ಬಳು ಇದ್ದಾಳೆಂದು ಅವನಿಗೆ ತೋಚಿರಲಿಲ್ಲ.

ಪಡಸಾಲೆಯ ಬಾಗಿಲಲ್ಲಿ ನೆರಳು ಆಡಿತು. ತಾರಾಬಾಯಿ. ಒಳಗೆ ಬರಲೂ ಮನಸ್ಸಿಲ್ಲ, ಹೋಗಲೂ ಮನಸ್ಸಿಲ್ಲ. "ಕರದಿದ್ಯಂತಲ್ಲ, ಗಂಜಿ ಹಚ್ಚೂದು ನೋಡಲಿಕ್ಕೆ" ಎಂದರು, ಗೋಡೆಯ ಕಡೆ ಮುಖ ಮಾಡಿ. ಯಮುನಾಬಾಯಿ ನೆಲಕ್ಕೆ ಕೈ ಊರಿ ಎದ್ದರು. "ಬಾ ತಾರೀ. ನೋಡಲಿಕ್ಕೆ ಏನೂ ಇಲ್ಲ. ಗಂಜಿ ನಿಲ್ಲಂಗಿಲ್ಲಂತ. ನಾ ನಿನಗ ಅಂದದ್ದು ತಪ್ಪು, ಮಾಶಾಕಗ ಅಂದದ್ದೂ ತಪ್ಪು." ಅಷ್ಟೇ. ನಿಂಗಪ್ಪನ ಹೆಸರನ್ನು ಅವರು ಎತ್ತಲಿಲ್ಲ. ಕೊಟ್ಟ ಮಾತಿಗೆ ತಪ್ಪಿದವನನ್ನು ಮಾತಿನಿಂದಲೇ ಕಾಯುತ್ತಿದ್ದರು. ಆ ಕಾವಲಿನಲ್ಲಿ ನಿಲ್ಲುವುದು ಅವನಿಂದಾಗಲಿಲ್ಲ. "ಇಲ್ರಿ ತಾರಾಬಾಯಾರ, ತಪ್ಪೆಲ್ಲಾ ನಂದು" ಎಂದು ಮತ್ತೆ ಮೊದಲಿನಿಂದ ಹೇಳಿದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ತಾರಾಬಾಯಿ ಅವನನ್ನು ಬಿಟ್ಟು ಗೆಳತಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ, "ಮಾಶಾಕಗ ಯಾರು ಹೇಳವರು?" ಎಂದರು. "ಇವತ್ತ ಹೋಗಿ ಹೇಳ್ತೀನ್ರಿ. ನಿಮ್ಮ ದೇವರಮನಿ ಛತ್ತು ಅವನ ಮಾಡ್ಲಿ, ಎಣ್ಣೀ ಅಸ್ತರ ಹಾಕಿ. ನಾ ಅವನ ಕೈಕೆಳಗ ನಿಲ್ತೀನಿ." ತಾರಾಬಾಯಿ ಹೊಸ್ತಿಲು ದಾಟಿ ಒಳಗೆ ಬಂದು, ಯಮುನಾಬಾಯಿಯ ಜಾರಿದ ಸೆರಗನ್ನು ಹೆಗಲಿಗೆ ಎಳೆದು, "ಎಷ್ಟು ಸೊರಗೀಯ" ಎಂದು ಬೈದರು.

"ಈಗ ಛತ್ತು ಒಣಗೇದೇನು?" ಎಂದು ಯಮುನಾಬಾಯಿ ನಿಂಗಪ್ಪನ ಕಡೆ ತಿರುಗಿದರು.

"ಒಣಗೇತ್ರಿ. ಬಿಸಿನೀರಲೆ ಸರೇಸೆಲ್ಲಾ ತೊಳೀಬೇಕು. ಒಂದು ವಾರ ಬಿಟ್ಟು ಎಣ್ಣಿ. ಅದು ಆರಿದ ಮ್ಯಾಲ ಬಣ್ಣ. ಏಕಾದಶಿ ದಾಟತೈತ್ರಿ ಬಾಯಾರ."

"ದಾಟಲಿ."

ವಿಠ್ಠಲನನ್ನು, ರುಕ್ಮಿಣಿಯನ್ನು, ಸಾಲಿಗ್ರಾಮದ ಪೆಟ್ಟಿಗೆಯನ್ನು ಇಬ್ಬರೂ ಗೆಳತಿಯರು ಅಡುಗೆಮನೆಯ ಮೂಲೆಗೆ ಸಾಗಿಸಿದರು. ಬಚ್ಚಲ ಹಂಡೆಯ ಬಿಸಿನೀರನ್ನು ಸೊಸೆ ಬಕೀಟಿಗೆ ತೋಡಿ ಕೊಟ್ಟಳು. ನಿಂಗಪ್ಪ ನಿಚ್ಚಣಿಕೆ ಹತ್ತಿ, ಬಿಸಿ ಅರಿವೆಯನ್ನು ಛತ್ತಿಗೆ ಒತ್ತಿದ. ಎರಡು ವರ್ಷ ಅಲುಗದೆ ಕೂತಿದ್ದ ಸರೇಸು ನೆನೆದು, ಮೆತ್ತಗಾಗಿ, ನೀಲಿಯ ಜೊತೆ ಕರಗಿ ಮೊಳಕೈಗುಂಟ ಇಳಿಯತೊಡಗಿತು. ಒದ್ದೆ ನೆಲದ ಮೇಲೆ ನಿಚ್ಚಣಿಕೆಯ ಕಾಲು ಸರಕ್ಕನೆ ಒಂದು ಬೆರಳು ಜಾರಿತು. ಅವನು ಗೋಡೆ ಹಿಡಿದುಕೊಂಡ. ಮರುಗಳಿಗೆಗೆ ನಿಚ್ಚಣಿಕೆ ಗಟ್ಟಿಯಾಗಿ ನಿಂತಿತು. ಬಗ್ಗಿ ನೋಡಿದರೆ ಯಮುನಾಬಾಯಿ ಎರಡೂ ಕೈಯಿಂದ ಅದರ ಕಾಲುಗಳನ್ನು ಅವಚಿ ಹಿಡಿದು ನಿಂತಿದ್ದರು.

"ಬಿಡ್ರಿ ಬಾಯಾರ! ನಿಮ್ಮ ಮಡಿ ಹೋಗತೈತಿ. ಮ್ಯಾಲಿಂದ ಇದೆಲ್ಲಾ ಮೈಮ್ಯಾಲ ಸೋರಾಕ ಹತ್ತೇತಿ."

"ಸೋರಲಿ. ಮಡಿ ಹೋದ್ರ ಸ್ನಾನ ಮಾಡಿದ್ರ ಬರ್ತದ. ನೀ ಬಿದ್ದು ಸೊಂಟ ಮುರಕೊಂಡ್ರ ಎಲ್ಲಿಂದ ತರಲಿ?" ಆಕೆಯ ಬಿಳಿಯ ತಲೆಯ ಮೇಲೆ, ಹೆಗಲ ಮೇಲೆ ನೀಲಿ ಹನಿಗಳು ಬೀಳುತ್ತಿದ್ದವು. "ಮತ್ತ ಇಲ್ಲಿ ಕೇಳು ನಿಂಗಪ್ಪಾ. ಇನ್ನ ಮ್ಯಾಲ ನಾ ಬ್ಯಾಡ ಅಂದ್ರೂ ನಿನಗ ತಿಳದದ್ದು ನನಗ ಹೇಳು. ತಿಳೀತೇನು?"

"ತಿಳೀತ್ರಿ" ಎಂದು ಛತ್ತಿನ ಕಡೆ ಮುಖ ಮಾಡಿ ಮೆಲ್ಲಗೆ ಅಂದ.

"ಏನಂದಿ? ಕೇಳಸ್ಲಿಲ್ಲ" ಎಂದರು ಯಮುನಾಬಾಯಿ, ನಿಚ್ಚಣಿಕೆ ಬಿಡದೆ.